ಬ್ಯಾಂಡ್‌ಗೆ ಯಾವ ಟ್ಯೂಬ್ ಆಂಪ್ (ನಿರ್ವಾತ ಟ್ಯೂಬ್‌ಗಳಿಂದ ಗಿಟಾರ್ ದನಿ ಜೋರು ಮಾಡುವ ಆಂಪ್ಲಿಫೈಯರ್) ನಾವೇ ಕಟ್ಟೋದು?

ಮೊದಲು ನಿಮ್ಮ ಡ್ರಮ್ಮರ್ ಎಷ್ಟು ಜೋರಾಗಿ ಬಾರಿಸುತ್ತಾರೆ ನೋಡಿ. ಆಂಪ್ ಆರಿಸಬೇಕಾದ್ದು ಅದರ ಮೇಲೆ.

ಫೆಂಡರ್ ಕಂಪನಿಯ ಚಾಂಪ್ 5ಎಫ್1 ಮಾದರಿ ಕಟ್ಟೋಕೆ ಸುಲಭ, ಆದರೆ ಸುಮಾರು 5 ವಾಟ್ ಅಷ್ಟೇ. ಮನೆಗೆ ಚೆಂದ, ಡ್ರಮ್ಸ್ ಪಕ್ಕ ಕೇಳಿಸೋದೇ ಇಲ್ಲ. ಅದೇ ಕಂಪನಿಯ ಟ್ವೀಡ್ ಡಿಲಕ್ಸ್ 5ಇ3ಯಲ್ಲಿ 6ವಿ6 ಅನ್ನೋ ಪವರ್ ಟ್ಯೂಬ್ ಎರಡು, 12ರಿಂದ 15 ವಾಟ್. ಸಣ್ಣ ಜಾಗಕ್ಕೆ ಸಾಕು. ವಾಲ್ಯೂಮ್ ಅರ್ಧ ದಾಟುವ ಮೊದಲೇ ದನಿ ಒಡೆಯುತ್ತೆ, ಬೆರಳು ಮೆಲ್ಲಗೆ ಆಡಿಸಿದರೆ ತಿಳಿಯಾಗುತ್ತೆ, ಗಟ್ಟಿಯಾಗಿ ಮೀಟಿದರೆ ಗುರ್ ಅನ್ನುತ್ತೆ, ಆ ಸುಖವೇ ಬೇರೆ! ಆದರೆ ಜೋರಾಗಿ, ಒಡೆಯದ ಕ್ಲೀನ್ ದನಿ ಬೇಕು ಅಂದರೆ ಇದು ಬೇಡ. ಆಗ 22 ವಾಟ್‌ನ ಡಿಲಕ್ಸ್ ರಿವರ್ಬ್ ನೋಡಿ, ವೈರಿಂಗ್ ಮಾತ್ರ ಜಾಸ್ತಿ. 40 ವಾಟ್‌ನ ಬಾಸ್‌ಮನ್ 5ಎಫ್6-ಎ ಅಂತೂ ದೊಡ್ಡ ವೇದಿಕೆಯ ಆಂಪ್, ಮಾರ್ಷಲ್ ಜೆಟಿಎಂ45 ಹುಟ್ಟಿದ್ದೇ ಅದರಿಂದ. ಹೊರೋಕೆ ಭಾರ, ನೆನಪಿರಲಿ.

ಬರೀ ವಾಟ್ ಲೆಕ್ಕ ಹಾಕಬೇಡಿ. ಅಷ್ಟೇ ಪವರ್‌ಗೆ 97 ಡೆಸಿಬೆಲ್ ಸದ್ದು ಕೊಡುವ ಸ್ಪೀಕರ್ ಬದಲು 100 ಡೆಸಿಬೆಲ್‌ನದು ಹಾಕಿದರೆ ಪವರ್ ಎರಡರಷ್ಟು ಮಾಡಿದ ಹಾಗೇ ಅಲ್ವಾ? ಟ್ಯೂಬ್‌ಗಳ ಪವರನ್ನು ಸ್ಪೀಕರ್‌ಗೆ ಹೊಂದಿಸಿ ಕೊಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ.

ಮೊದಲ ಸಲ ಕಟ್ಟುವವರಿಗೆ ನನ್ನ ಸಲಹೆ 5ಇ3. ಒಂದು ವಿಷಯ: ಪ್ಲಗ್ ಕಿತ್ತ ಮೇಲೂ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು, ಜೀವಕ್ಕೇ ಅಪಾಯ. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್‌ನಲ್ಲಿ ಸೊನ್ನೆ ಬಂತಾ ನೋಡಿ, ಆಮೇಲೆ ಕೈ ಹಾಕಿ.