ಎರಡು ಡಾಲರ್ ನೋಟು, ಎಂಟಾಣೆ, ಬಂಗಾರದ ಬಣ್ಣದ ನಾಣ್ಯ: ನಾನು ಇವನ್ನೇ ಖರ್ಚು ಮಾಡುವುದು

ನ್ಯೂಜೆರ್ಸಿಗೆ ಬಂದ ಮೊದಲ ತಿಂಗಳು. ರೈಲು ನಿಲ್ದಾಣದ ಟಿಕೆಟ್ ಯಂತ್ರಕ್ಕೆ 20 ಡಾಲರ್ ನೋಟು ತೂರಿಸಿದೆ. ಟಿಕೆಟ್ ಬಂತು, ಅದರ ಹಿಂದೆಯೇ ಕೆಳಗಿನ ಬಟ್ಟಲಿಗೆ ಠಣಠಣ ಅಂತ ನಾಣ್ಯಗಳು ಬಿದ್ದವು. ಕೆಲವು ಬಂಗಾರದ ಬಣ್ಣ, ಕೆಲವು ಕೈಬೆವರಿಗೆ ಕಂದು ತಿರುಗಿದ್ದವು. ಒಂದರ ಮೇಲೆ ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸು. ಆಕೆ ಸಕಾಗವಿಯ, ಶೋಶೋನಿ ಅನ್ನುವ ಮೂಲನಿವಾಸಿ ಜನಾಂಗದವಳು, ಲೂಯಿಸ್ ಮತ್ತು ಕ್ಲಾರ್ಕ್ ಅನ್ನುವ ಅನ್ವೇಷಕರು ಪಶ್ಚಿಮಕ್ಕೆ ಹೊರಟಾಗ ಹಸುಗೂಸನ್ನು ಹೊತ್ತುಕೊಂಡೇ ಅವರ ಜೊತೆ ನಡೆದವಳು ಅಂತ ಆಮೇಲೆ ತಿಳಿದುಕೊಂಡೆ. ಆವತ್ತು ಅನಿಸಿದ್ದು ಇಷ್ಟೇ: ಇದು ಚೆನ್ನಾಗಿದೆ, ಆದರೆ ಇದು ನಡೆಯುತ್ತಾ?

ಜೊತೆಗಿದ್ದ ಗೆಳೆಯ ಹೇಳಿದ, "ಇದನ್ನ ಯಾರೂ ತಗೊಳ್ಳಲ್ಲ ಕಣೋ, ಸುಮ್ನೆ ಡಬ್ಬಿಗೆ ಹಾಕಿಡು." ಅವನ ಮನೆಯಲ್ಲಿ ನಿಜವಾಗಿಯೂ ಒಂದು ಡಬ್ಬಿ ಇತ್ತು. ಈ ದೇಶದಲ್ಲಿ ತುಂಬಾ ಜನರ ಮನೆಯಲ್ಲಿ ಅಂಥದ್ದೊಂದು ಡಬ್ಬಿ ಇದೆ, ಇಲ್ಲಾ ಅಜ್ಜ ಕೊಟ್ಟ 2 ಡಾಲರ್ ನೋಟನ್ನು ಮಡಿಸಿಟ್ಟ ಲಕೋಟೆ ಇದೆ. ಎಲ್ಲರೂ ಎತ್ತಿಡುವುದರಿಂದಲೇ ಇವು ಅಪರೂಪವಾಗಿವೆ, ಅಪರೂಪ ಅಂತಲೇ ಎಲ್ಲರೂ ಎತ್ತಿಡುತ್ತಾರೆ. ನನಗೆ ಅದು ಸರಿ ಕಾಣಲಿಲ್ಲ. ದುಡ್ಡು ಅಂದಮೇಲೆ ಕೈಯಿಂದ ಕೈಗೆ ಹೋಗಬೇಕು, ಅಲ್ವಾ? ಮರುದಿನ ಬೆಳಿಗ್ಗೆ ಕಾಫಿಗೆ ಅದೇ ನಾಣ್ಯಗಳನ್ನು ಕೊಟ್ಟೆ. ತಗೊಂಡರು. ಅಲ್ಲಿಂದ ಶುರುವಾದದ್ದು ಹತ್ತು ವರ್ಷ ದಾಟಿದರೂ ನಿಂತಿಲ್ಲ.

ಮೊದಲು ಎಲ್ಲಿ ಸಿಗುತ್ತವೆ ಅನ್ನುವುದು ಹೇಳುತ್ತೇನೆ, ಯಾಕೆಂದರೆ ನನ್ನನ್ನು ಎಲ್ಲರೂ ಕೇಳುವುದು ಅದನ್ನೇ. ಬ್ಯಾಂಕಿಗೆ ಹೋಗಿ ಟೆಲ್ಲರ್ ಹತ್ತಿರ ಕೇಳಬೇಕು, ಅಷ್ಟೇ. "ಎರಡರ ನೋಟು ಇದೆಯಾ? ಅರ್ಧ ಡಾಲರ್, ಡಾಲರ್ ನಾಣ್ಯ ಏನಾದರೂ ಬಂದಿದೆಯಾ?" ಎಷ್ಟೋ ಸಲ ಅವರ ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ ನಾಲ್ಕೈದು ಬಿದ್ದಿರುತ್ತವೆ, ಯಾರಾದರೂ ಕೇಳಿದರೆ ಸಾಕು ಅಂತ ಕಾಯುತ್ತಿರುತ್ತಾರೆ. ಜಾಸ್ತಿ ಬೇಕಿದ್ದರೆ ತರಿಸಿಕೊಡಲು ಹೇಳಬಹುದು. 2 ಡಾಲರ್ ನೋಟಿನ ಒಂದು ಕಂತೆಯಲ್ಲಿ 100 ನೋಟು, ಅಂದರೆ 200 ಡಾಲರ್. ಡಾಲರ್ ನಾಣ್ಯದ ಒಂದು ಸುರುಳಿಯಲ್ಲಿ 25, ಅರ್ಧ ಡಾಲರಿನದರಲ್ಲಿ 20. ನನಗೆ ಕಂತೆ ಬರಲು ಒಂದು ವಾರ ಹಿಡಿಯಿತು. ಖಾತೆ ಇರುವ ಬ್ಯಾಂಕಾದರೆ ಮಾತು ಸಲೀಸು, ಖಾತೆ ಇಲ್ಲದ ಕಡೆ ಒಮ್ಮೆ ಕೇಳಿ ಬರಿಗೈಲಿ ಬಂದಿದ್ದೇನೆ.

ಹೊಸ ಕಂತೆಯ ನೋಟುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಜೋಪಾನ. ಒಂದು ಅಂತ ಎರಡು ಕೊಟ್ಟುಬಿಡುತ್ತೀರಿ. ಕೊಡುವ ಮುಂಚೆ ಪ್ರತಿ ನೋಟನ್ನೂ ಒಂದು ಸಲ ಉಜ್ಜಿ ನೋಡುವುದು ನನಗೀಗ ಅಭ್ಯಾಸ.

ಖರ್ಚು ಮಾಡುವ ಮುಂಚೆ ಇನ್ನೊಂದು ಕೆಲಸ ಇದೆ. ಕೈಗೆ ಬಂದದ್ದರಲ್ಲಿ ಮುಖಬೆಲೆಗಿಂತ ಜಾಸ್ತಿ ಬಾಳುವುದು ಇದೆಯಾ ನೋಡಿಕೊಳ್ಳಬೇಕು. 2 ಡಾಲರ್ ನೋಟಿನ ಮುಂಬದಿಯ ದುಂಡು ಮುದ್ರೆ ಹಸಿರಾಗಿದ್ದರೆ ಸಾಮಾನ್ಯದ್ದು. ಕೆಂಪಾಗಿದ್ದರೆ ಹಳೆಯದು, ಎತ್ತಿಡಿ. ಅರ್ಧ ಡಾಲರಿನಲ್ಲಿ ಇಸವಿ ನೋಡಿ. ಕೆನಡಿ ಮುಖದ ನಾಣ್ಯ 1964ರಲ್ಲಿ ಬಂತು, ಆ ವರ್ಷದ್ದರಲ್ಲಿ ನೂರಕ್ಕೆ 90 ಪಾಲು ಬೆಳ್ಳಿ. 1965ರಿಂದ 1970ರವರೆಗಿನದರಲ್ಲಿ 40 ಪಾಲು. 1971ರಿಂದ ಮಾಮೂಲಿ ನಾಣ್ಯದಲ್ಲಿ ಬೆಳ್ಳಿ ಇಲ್ಲ, ತಾಮ್ರ ಮತ್ತು ನಿಕ್ಕಲ್. ಇಸವಿ ಓದಲು ಪುರುಸೊತ್ತಿಲ್ಲದಿದ್ದರೆ ಅಂಚು ನೋಡಿ, ತಾಮ್ರದ ಕೆಂಪು ಗೆರೆ ಎದ್ದು ಕಂಡರೆ ಧೈರ್ಯವಾಗಿ ಖರ್ಚು ಮಾಡಿ. ಬೆಳ್ಳಿ ಹುಡುಕಲು ಸುರುಳಿಗಟ್ಟಲೆ ತರಿಸಿ ಬಿಚ್ಚುವವರು ಬೇರೆಯೇ ಇದ್ದಾರೆ, ಅವರು ನೋಡಿ ವಾಪಸ್ ಕೊಟ್ಟದ್ದೇ ನಮಗೆ ಸಿಗುವುದರಿಂದ ಬೆಳ್ಳಿಯ ಆಸೆ ಇಟ್ಟುಕೊಳ್ಳಬೇಡಿ. 2007ರಿಂದ ಬಂದ ಅಧ್ಯಕ್ಷರ ಮುಖದ ಡಾಲರ್ ನಾಣ್ಯದಲ್ಲಿ ಇಸವಿ ಮುಖದ ಮೇಲೆ ಇರುವುದಿಲ್ಲ, ಅಂಚಿನಲ್ಲಿ ಕೊರೆದಿರುತ್ತದೆ. ಆ ಮೊದಲ ವರ್ಷ ವಾಷಿಂಗ್ಟನ್ ಮುಖದ ಕೆಲವು ನಾಣ್ಯಗಳು ಅಂಚಿನ ಬರಹವೇ ಇಲ್ಲದೆ ಹೊರಗೆ ಬಂದುಬಿಟ್ಟಿದ್ದವು. ಅಂಥದ್ದು ಸಿಕ್ಕರೆ ಕಾಫಿಗೆ ಕೊಡಬೇಡಿ.

ಇನ್ನು ಕೊಡುವ ವಿಷಯ. ಇದರ ಬಗ್ಗೆ ನಾನು ಕಲಿತದ್ದು ಇಲ್ಲಲ್ಲ, ನಮ್ಮೂರಲ್ಲಿ. ರಜೆಗೆ ಹೋದಾಗ ನಮ್ಮ ಮಾವನವರ ಜೊತೆ ತರಕಾರಿಗೆ ಹೋಗಿದ್ದೆ. ಅವರು 10 ರೂಪಾಯಿ ನಾಣ್ಯ ಕೊಟ್ಟರು. ಅಂಗಡಿಯವರು, "ಬ್ಯಾಡ ಸ್ವಾಮಿ, ನೋಟು ಕೊಡಿ" ಅಂದರು. ಎಲ್ಲ ಬಗೆಯ 10 ರೂಪಾಯಿ ನಾಣ್ಯವೂ ನಡೆಯುತ್ತದೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ, ಮಾವನವರು ಅದನ್ನೇ ಹೇಳಿದರು. ಅದಕ್ಕೆ ಅಂಗಡಿಯವರ ಉತ್ತರ: "ನಡೀತದೆ ಸರಿ, ನನ್ನ ಹತ್ರ ಯಾರು ತಗೋತಾರೆ?" ಆ ಒಂದು ಮಾತಿನಲ್ಲಿ ಎಲ್ಲ ಇದೆ. ತಗೊಳ್ಳುವವರು ಕಾನೂನು ಯೋಚಿಸುತ್ತಿರುವುದಿಲ್ಲ, ತಮ್ಮ ಕೈಯಲ್ಲೇ ಸಿಕ್ಕಿಹಾಕಿಕೊಂಡರೆ ಏನು ಮಾಡುವುದು ಅಂತ ಯೋಚಿಸುತ್ತಿರುತ್ತಾರೆ. ಅಮೆರಿಕದ ಕ್ಯಾಷಿಯರ್ ಹುಡುಗಿಗೂ ಅದೇ ಚಿಂತೆ. ಸಂಜೆ ಲೆಕ್ಕ ತಪ್ಪಿದರೆ ಮ್ಯಾನೇಜರಿಗೆ ಉತ್ತರ ಹೇಳಬೇಕಾದವಳು ಅವಳು.

ಅದಕ್ಕೇ ನಾನು ಸುಮ್ಮನೆ ನೋಟು ಚಾಚುವುದಿಲ್ಲ. ಕೊಡುತ್ತಲೇ ಬಾಯಿಬಿಟ್ಟು ಹೇಳುತ್ತೇನೆ: "ಇವು ಎರಡರ ನೋಟು, ಮೂರಿವೆ, ಒಟ್ಟು ಆರು ಡಾಲರ್. ಬೇಡ ಅಂದರೆ ಬೇರೆ ಕೊಡುತ್ತೇನೆ." ಪರ್ಸಿನಲ್ಲಿ ಯಾವಾಗಲೂ ಮಾಮೂಲಿ ನೋಟು ಇಟ್ಟುಕೊಂಡೇ ಹೋಗುತ್ತೇನೆ. ಬೇಡ ಅಂದರೆ ವಾದ ಇಲ್ಲ. ಇದು ಸರ್ಕಾರದ ದುಡ್ಡು, ನೀವು ತಗೊಳ್ಳಲೇಬೇಕು ಅಂತ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವವರನ್ನು ನೋಡಿದ್ದೇನೆ, ಅದು ತಪ್ಪು ಕೂಡ. ಖಾಸಗಿ ಅಂಗಡಿ ಇಂಥದ್ದೇ ನೋಟು ನಾಣ್ಯ ತಗೊಳ್ಳಬೇಕು ಅಂತ ಕೇಂದ್ರದ ಕಾನೂನು ಯಾವುದೂ ಇಲ್ಲ. ಬೇರೆ ಕೊಡುತ್ತೇನೆ ಅಂದ ತಕ್ಷಣ ಹೆಚ್ಚಿನವರು, "ಇರಲಿ, ಕೊಡಿ" ಅನ್ನುತ್ತಾರೆ.

ಒಂದು ಸಲ ಮಾತ್ರ ಕಷ್ಟವಾಯಿತು. ದೊಡ್ಡ ಅಂಗಡಿಯೊಂದರಲ್ಲಿ ಹದಿನೆಂಟರ ಹುಡುಗ ನನ್ನ 2 ಡಾಲರ್ ನೋಟನ್ನು ಬೆಳಕಿಗೆ ಹಿಡಿದ. ಒಳಗೆ ನೀರಚ್ಚು ಇಲ್ಲ, ದಾರ ಇಲ್ಲ. ಮುಖ ಗಂಭೀರವಾಯಿತು, ಮ್ಯಾನೇಜರನ್ನು ಕರೆದ, ಹಿಂದೆ ಸಾಲು ಬೆಳೆಯಿತು. ಹುಡುಗನ ತಪ್ಪಿಲ್ಲ. 20ರ ನೋಟಿಗೆ ಹೇಗೆ ನೋಡಬೇಕು ಅಂತ ಹೇಳಿಕೊಟ್ಟಿದ್ದರೋ ಹಾಗೇ ನೋಡಿದ್ದಾನೆ. 1 ಡಾಲರ್ ನೋಟಿನಲ್ಲೂ 2 ಡಾಲರ್ ನೋಟಿನಲ್ಲೂ ನೀರಚ್ಚು, ದಾರ ಎರಡೂ ಇರುವುದಿಲ್ಲ, ಅದು ಅವನಿಗೆ ಗೊತ್ತಿರಲಿಲ್ಲ. ಆಮೇಲಿಂದ ಯಾರಾದರೂ ಬೆಳಕಿಗೆ ಹಿಡಿದರೆ ನಾನೇ ಮೆಲ್ಲಗೆ ಹೇಳುತ್ತೇನೆ, "ಒಂದರ ನೋಟಿನ ಹಾಗೇ ಇದು, ಒಳಗೆ ದಾರ ಇರಲ್ಲ." ಹಳೆಯ ನೋಟು ಅನ್ನುವ ಅನುಮಾನ ಬಂದರೆ ಇನ್ನೊಂದು ಮಾತು. ಮೂರನೇ ಅಧ್ಯಕ್ಷ ಜೆಫರ್ಸನ್ ಮುಖದ ಈ ನೋಟು 1966ರಲ್ಲಿ ನಿಂತಿತ್ತು, 1976ರ ಏಪ್ರಿಲ್ 13ಕ್ಕೆ, ಆತ ಹುಟ್ಟಿದ ದಿನವೇ, ಮತ್ತೆ ಬಂತು. ಹಿಂದೆ ಸ್ವಾತಂತ್ರ್ಯ ಘೋಷಣೆಯ ಚಿತ್ರ. ಆಮೇಲೂ ಆಗಾಗ ಅಚ್ಚಾಗುತ್ತಲೇ ಇದೆ. ಇಷ್ಟು ಹೇಳಿದರೆ ಸಾಕು, ಹುಡುಗರು ಖುಷಿಯಾಗಿ ತಿರುಗಿಸಿ ನೋಡುತ್ತಾರೆ, ಕೆಲವರು ತಮ್ಮ ಜೇಬಿನಿಂದ ಎರಡು ಒಂದರ ನೋಟು ಹಾಕಿ ಅದನ್ನು ತಾವೇ ತಗೊಳ್ಳುತ್ತಾರೆ.

ಜನ ಕಮ್ಮಿ ಇರುವ ಹೊತ್ತು ನೋಡಿಕೊಂಡು ಹೋಗಿ. ಬೆಳಿಗ್ಗೆ ಎಂಟು ಗಂಟೆಗೆ ಕಾಫಿ ಸಾಲಿನಲ್ಲಿ ಹತ್ತು ಜನ ಇರುವಾಗ ಇದನ್ನು ಮಾಡುವುದು ಬೇರೆಯವರಿಗೆ ತೊಂದರೆ.

ಯಂತ್ರಗಳ ಕಥೆ ಬೇರೆ. ತಿಂಡಿ, ಪಾನೀಯದ ಯಂತ್ರಗಳಲ್ಲಿ ಡಾಲರ್ ನಾಣ್ಯ ಹೆಚ್ಚಿನ ಕಡೆ ನಡೆಯುತ್ತದೆ. ಅರ್ಧ ಡಾಲರ್ ಹಾಕಿದರೆ ಹೆಚ್ಚಾಗಿ ಕೆಳಗೆ ಬಿದ್ದು ವಾಪಸ್ ಬರುತ್ತದೆ, ಅದು 30 ಮಿಲಿಮೀಟರಿಗಿಂತ ಅಗಲ, ಕೆಲವು ಕಡೆ ಕಿಂಡಿಗೇ ಹಿಡಿಯುವುದಿಲ್ಲ. ಸಿಕ್ಕಿಕೊಂಡರೆ ಮುಂದಿನವರಿಗೂ ತೊಂದರೆ, ಹಾಗಾಗಿ ನಾನು ಹಾಕುವುದೇ ಬಿಟ್ಟೆ. ಎಂಟಾಣೆಗೆ ಮನುಷ್ಯರೇ ಬೇಕು. (ನಾನು ಅರ್ಧ ಡಾಲರನ್ನು ಎಂಟಾಣೆ ಅಂತಲೇ ಕರೆಯುವುದು, ಮನೆಯಲ್ಲಿ ಮಕ್ಕಳಿಗೂ ಅದೇ ರೂಢಿಯಾಗಿದೆ.)

ಸೂಸನ್ ಬಿ. ಆಂಥೊನಿ ಮುಖದ ಡಾಲರ್ ನಾಣ್ಯದ ಬಗ್ಗೆ ಎಚ್ಚರಿಕೆ ಬೇಕು. ಹೆಂಗಸರ ಮತದ ಹಕ್ಕಿಗೆ ಜೀವನವಿಡೀ ದುಡಿದವರು ಆಕೆ, ಆದರೆ 1979ರಲ್ಲಿ ಬಂದ ಅವರ ನಾಣ್ಯ ಬಣ್ಣದಲ್ಲಿ ಕ್ವಾರ್ಟರಿನಂತೆಯೇ (25 ಸೆಂಟಿನ ನಾಣ್ಯ) ಇತ್ತು, ಅಗಲದಲ್ಲಿ ಎರಡು ಮಿಲಿಮೀಟರ್ ಚಿಲ್ಲರೆ ಅಷ್ಟೇ ವ್ಯತ್ಯಾಸ. ಜನ 25 ಸೆಂಟ್ ಅಂತ ಕೊಟ್ಟು ಮೋಸ ಹೋದರು, ಆಮೇಲೆ ಮುಟ್ಟುವುದನ್ನೇ ಬಿಟ್ಟರು. 2000ದಲ್ಲಿ ಸಕಾಗವಿಯ ನಾಣ್ಯಕ್ಕೆ ಬಂಗಾರದ ಬಣ್ಣ ಕೊಟ್ಟದ್ದು ಇದೇ ಗೊಂದಲ ತಪ್ಪಿಸಲಿಕ್ಕೆ. ಅಳತೆ, ತೂಕ ಮಾತ್ರ ಹಳೆಯದರದ್ದೇ ಇಟ್ಟರು, ಯಂತ್ರಗಳಿಗೆ ಹೊಂದಬೇಕಲ್ಲ. ನಾನು ಆಂಥೊನಿ ನಾಣ್ಯವನ್ನು ಬೇರೆ ಜೇಬಿನಲ್ಲಿ ಇಡುತ್ತೇನೆ, ಕೊಡುವಾಗ ತಪ್ಪದೆ "ಇದು ಒಂದು ಡಾಲರ್" ಅಂತ ಹೇಳುತ್ತೇನೆ.

ಇಷ್ಟಾದರೂ ಡಾಲರ್ ನಾಣ್ಯ ಯಾಕೆ ಚಲಾವಣೆಗೆ ಬರಲಿಲ್ಲ ಅಂದರೆ, ಕಾಗದದ ಒಂದು ಡಾಲರನ್ನು ಇವರು ನಿಲ್ಲಿಸಲೇ ಇಲ್ಲ. ಕೆನಡಾದವರು 1987ರಲ್ಲಿ ನಾಣ್ಯ ತಂದು 1989ರಲ್ಲಿ ನೋಟು ನಿಲ್ಲಿಸಿದರು, ಅಲ್ಲಿ ಈಗ ಯಾರಿಗೂ ಅದು ವಿಚಿತ್ರ ಅಲ್ಲ. ಇಲ್ಲಿ ಎರಡೂ ಇಟ್ಟರು, ಜನ ಹಗುರವಾದದ್ದನ್ನು ಇಟ್ಟುಕೊಂಡರು. ಕೊನೆಗೆ ಗೋದಾಮಿನಲ್ಲಿ ನಾಣ್ಯ ರಾಶಿ ಬಿದ್ದು, 2011ರ ಡಿಸೆಂಬರಿನಲ್ಲಿ ಅಧ್ಯಕ್ಷರ ನಾಣ್ಯಗಳನ್ನು ಚಲಾವಣೆಗೆ ಅಂತ ಟಂಕಿಸುವುದು ನಿಂತಿತು.

ಆದರೆ ಇದೇ ಸಕಾಗವಿಯ ಇಕ್ವಡಾರ್ ದೇಶದಲ್ಲಿ ಮನೆಮಗಳು. ಅವರು 2000ದಲ್ಲಿ ತಮ್ಮ ದೇಶದ ಹಣ ಬಿಟ್ಟು ಡಾಲರ್ ತಗೊಂಡರು, ಅಲ್ಲಿ ಸಂತೆಯಲ್ಲೆಲ್ಲ ಈ ನಾಣ್ಯವೇ ಓಡಾಡುತ್ತದೆ. ನನಗೆ ಇದು ತಿಳಿದದ್ದು ನ್ಯೂಆರ್ಕಿನ ಒಂದು ಸಣ್ಣ ಬೇಕರಿಯಲ್ಲಿ. ನಾಲ್ಕು ನಾಣ್ಯ ಕೌಂಟರಿನ ಮೇಲಿಟ್ಟು ಮಾಮೂಲಿನಂತೆ ವಿವರಿಸಲು ಬಾಯಿ ತೆರೆದೆ. ಅಲ್ಲಿದ್ದ ಅಮ್ಮ ನೋಡಲೂ ಇಲ್ಲ, ಒಂದೇ ಕೈಯಲ್ಲಿ ಬಳಿದುಕೊಂಡು ಡಬ್ಬಿಗೆ ಹಾಕಿ ಬ್ರೆಡ್ಡು ಕೊಟ್ಟರು. ಆಮೇಲೆ ನಕ್ಕು, "ನಮ್ಮೂರಲ್ಲಿ ಇದೇ" ಅಂದರು. ಅಷ್ಟು ದಿನದಲ್ಲಿ ಆ ನಾಣ್ಯವನ್ನು ಬರೀ ದುಡ್ಡಿನ ಹಾಗೆ ತಗೊಂಡವರು ಅವರೊಬ್ಬರೇ. ಮನಸ್ಸು ತುಂಬಿ ಬಂತು.

ಎಲ್ಲಿ ಕೊಟ್ಟರೆ ಮುಂದೆ ಹೋಗುತ್ತದೆ ಅನ್ನುವುದನ್ನೂ ಯೋಚಿಸಬೇಕು. ದೊಡ್ಡ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ 2 ಡಾಲರ್ ನೋಟಿಗೆ ಅಂತ ಮನೆ ಇರುವುದಿಲ್ಲ. ಅದು ತಟ್ಟೆಯ ಕೆಳಗೆ ಹೋಗುತ್ತದೆ, ರಾತ್ರಿ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿಗೆ ಅದರ ಪ್ರಯಾಣ ಮುಗಿಯಿತು. ಹಾಗಾಗಿ ನನ್ನ ಹೆಚ್ಚಿನ ನೋಟುಗಳು ಹೋಗುವುದು ಕೈಗಳಿಗೆ. ಕೂದಲು ಕತ್ತರಿಸುವವರಿಗೆ ಟಿಪ್ಸ್, ಹೋಟೆಲಿನಲ್ಲಿ ಬಡಿಸಿದವರಿಗೆ ಟಿಪ್ಸ್, ಬೇಸಿಗೆಯಲ್ಲಿ ರಸ್ತೆಬದಿ ನಿಂಬೆಶರಬತ್ತು ಮಾರುವ ಮಕ್ಕಳಿಗೆ. ಟಿಪ್ಸ್ ಕೊಡುವಾಗ ಒಂದು ಮಾತು: ಅಪರೂಪದ ನೋಟು ಕೊಟ್ಟೆ ಅಂತ ಕಮ್ಮಿ ಕೊಡಬಾರದು. ಕೊಡಬೇಕಾದಷ್ಟನ್ನು ಪೂರ್ತಿ ಕೊಡಬೇಕು, ಅದನ್ನು ಈ ನೋಟಿನಲ್ಲಿ ಕೊಡಬೇಕು.

ಶನಿವಾರದ ರೈತರ ಸಂತೆಯಲ್ಲಿ ಮೊಟ್ಟೆ ಮಾರುವವರೊಬ್ಬರಿದ್ದಾರೆ. ಮೊದಲ ಸಲ ನೋಟು ಎತ್ತಿಡಲು ಹೊರಟಿದ್ದರು. "ಇಟ್ಟುಕೊಳ್ಳಬೇಡಿ, ಚಿಲ್ಲರೆ ಕೊಡುವಾಗ ಕೊಟ್ಟುಬಿಡಿ, ನಾನು ಮತ್ತೆ ತಂದುಕೊಡುತ್ತೇನೆ" ಅಂದೆ. ಈಗ ಅವರಿಗೆ ತಿಂಗಳಿಗೊಮ್ಮೆ 40 ಡಾಲರಿನಷ್ಟು ಎರಡರ ನೋಟು ತಂದುಕೊಟ್ಟು ಇಪ್ಪತ್ತರ ಎರಡು ನೋಟು ವಾಪಸ್ ತಗೊಳ್ಳುತ್ತೇನೆ. ಎರಡೆರಡು ಒಂದರ ನೋಟು ಎಣಿಸುವ ಕೆಲಸ ತಪ್ಪಿತು ಅಂತ ಅವರಿಗೂ ಅನುಕೂಲ. ಒಬ್ಬ ವಯಸ್ಸಾದ ಗಿರಾಕಿ ಮಾತ್ರ ಎರಡರ ನೋಟು ಅಪಶಕುನ ಅಂತ ತಗೊಳ್ಳಲಿಲ್ಲವಂತೆ. ಆ ನಂಬಿಕೆ ಇಲ್ಲಿ ಹಳೆಯದು, ಹಿಂದೆ ಶಕುನ ಮುರಿಯಲು ನೋಟಿನ ಮೂಲೆ ಹರಿಯುತ್ತಿದ್ದರು.

ನಮ್ಮವರ ನಡುವೆ ಈ ನಾಣ್ಯಕ್ಕೆ ಒಳ್ಳೆಯ ಜಾಗ ಸಿಕ್ಕಿರುವುದು ಮುಯ್ಯಿಯಲ್ಲಿ. ಮದುವೆ, ಗೃಹಪ್ರವೇಶಕ್ಕೆ 51, 101 ಅಂತ ಕೊಡುತ್ತೇವಲ್ಲ, ಆ ಮೇಲಿನ ಒಂದಕ್ಕೆ ಹರಿದ ಒಂದು ಡಾಲರ್ ನೋಟು ತುರುಕುವುದು ನನ್ನ ಹೆಂಡತಿಗೆ ಸಮಾಧಾನ ಇರಲಿಲ್ಲ. ಈಗ ಬಂಗಾರದ ಬಣ್ಣದ ನಾಣ್ಯ ತೊಳೆದು, ಒರೆಸಿ, ಕುಂಕುಮ ಇಟ್ಟು ಲಕೋಟೆಗೆ ಹಾಕುತ್ತಾಳೆ. ನಾನು ಇಷ್ಟಪಡುವುದು 2009ರದ್ದು: ಹಿಂದುಗಡೆ ಹೆಂಗಸೊಬ್ಬಳು ಹೊಲದಲ್ಲಿ ಬೀಜ ಬಿತ್ತುತ್ತಿದ್ದಾಳೆ, ಸುತ್ತ ಮೆಕ್ಕೆಜೋಳ, ಹುರುಳಿಕಾಯಿ ಬಳ್ಳಿ, ಕುಂಬಳ. ಗೃಹಪ್ರವೇಶಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕಾ? ಮುಯ್ಯಿ ಪುಸ್ತಕ ಬರೆಯುತ್ತಿದ್ದ ಒಬ್ಬರು ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡಿದ್ದು ನೋಡಿದೆ.

ಊರಿಗೆ ತಗೊಂಡು ಹೋಗುವವರಿಗೆ ಒಂದು ಮಾತು. ಅಲ್ಲಿ ಹಣ ಬದಲಿಸುವವರು ಸಾಮಾನ್ಯವಾಗಿ ಹೊರದೇಶದ ನಾಣ್ಯ ತಗೊಳ್ಳುವುದಿಲ್ಲ. ಮಕ್ಕಳಿಗೆ ನೆನಪಿಗೆ ಕೊಡುವುದಾದರೆ ಕೊಡಿ, ಖರ್ಚಿಗಲ್ಲ.

ಈ ವಾರ ನನ್ನ ಪರ್ಸಿನಲ್ಲಿ ಎರಡರ ನೋಟು ಹನ್ನೊಂದು, ಜೇಬಿನಲ್ಲಿ ಆರು ಎಂಟಾಣೆ ಇವೆ. ಎಂಟಾಣೆಗಳಲ್ಲಿ ಒಂದು 2021ರದ್ದು. ಸುಮಾರು ಇಪ್ಪತ್ತು ವರ್ಷ ಬರೀ ಸಂಗ್ರಹಕಾರರಿಗೆ ಮಾರುತ್ತಿದ್ದದ್ದನ್ನು ಆ ವರ್ಷ ಮತ್ತೆ ಚಲಾವಣೆಗೆ ಅಂತ ಟಂಕಿಸಿದರು. ಅದನ್ನು ಎತ್ತಿಡೋಣ ಅಂತ ಮಗಳು ಎರಡು ದಿನದಿಂದ ಕೇಳುತ್ತಿದ್ದಾಳೆ. ಶನಿವಾರ ಮೊಟ್ಟೆಯವರ ಹತ್ತಿರ ಅವಳ ಕೈಯಿಂದಲೇ ಕೊಡಿಸುತ್ತೇನೆ ಅಂತ ಹೇಳಿದ್ದೇನೆ, ಒಪ್ಪಿದ್ದಾಳೆ.