ಎವರ್ಟನ್ನಾ? ಅದ್ಯಾವ್ದು ಗುರು?

ನೀಲಿ ಜೆರ್ಸಿ ಹಾಕಿಕೊಂಡು ಬೆಂಗಳೂರಲ್ಲಿ ಓಡಾಡಿದರೆ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ‘ಬೆಂಗಳೂರು ಎಫ್‌ಸಿನಾ?’ ಇಲ್ಲಾಂದ್ರೆ ‘ಚೆಲ್ಸಿನಾ?’ ಎರಡೂ ಅಲ್ಲಪ್ಪ, ಎವರ್ಟನ್ ಅಂದರೆ ಫುಟ್‌ಬಾಲ್ ಗೊತ್ತಿಲ್ಲದವರು ‘ಅದ್ಯಾವ್ದು ಗುರು?’ ಅನ್ನುತ್ತಾರೆ, ಗೊತ್ತಿರುವವರು ‘ಅಯ್ಯೋ, ಯಾಕೆ?’ ಅನ್ನುತ್ತಾರೆ. ಎರಡನೆಯದೇ ಜಾಸ್ತಿ ಉರಿಯೋದು. ಎವರ್ಟನ್ ಅಂದರೆ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಫುಟ್‌ಬಾಲ್ ಕ್ಲಬ್, ನಾನು ಅದರ ಅಭಿಮಾನಿ.

ಯಾಕೆ ಅಂದರೆ, ಎವರ್ಟನ್ ಆಟಗಾರ ವೇಯ್ನ್ ರೂನಿ. 2002ರ ಅಕ್ಟೋಬರ್‌ನಲ್ಲಿ, ಇನ್ನೂ ಹದಿನೇಳು ತುಂಬಿರದ ಹುಡುಗ ಕೊನೇ ನಿಮಿಷದಲ್ಲಿ ದೂರದಿಂದ ಒದ್ದು ಆರ್ಸೆನಲ್ ತಂಡವನ್ನು ಮಲಗಿಸಿದ. ಆರ್ಸೆನಲ್ ಅದಕ್ಕೆ ಮೊದಲು ಲೀಗ್‌ನಲ್ಲಿ ಸತತ 30 ಪಂದ್ಯ ಸೋತಿರಲಿಲ್ಲ. ನಾನೂ ಆಗ ಹೆಚ್ಚುಕಡಿಮೆ ಅದೇ ವಯಸ್ಸಿನವನು, ಹಾಸ್ಟೆಲ್ ಟಿವಿಯಲ್ಲಿ ಆ ಗೋಲು ನೋಡಿದೆ, ಅಷ್ಟೇ. ಎರಡು ವರ್ಷಕ್ಕೆ ರೂನಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ. ನಾನು ಇಲ್ಲೇ ಉಳಿದೆ. ಎವರ್ಟನ್ ಕೊನೆಯ ಸಲ ದೊಡ್ಡ ಕಪ್ ಗೆದ್ದಿದ್ದು 1995ರ ಎಫ್‌ಎ ಕಪ್ ಅಂತ ಆಮೇಲೆ ಗೊತ್ತಾಯಿತು. ಅಷ್ಟು ಹೊತ್ತಿಗೆ ತಡವಾಗಿತ್ತು.

ಸುಮಾರು ವರ್ಷ ಒಬ್ಬನೇ ನೋಡಿದೆ. ಗುಂಪು ಅಂತ ಆಗಿದ್ದು 2017ರ ಡಿಸೆಂಬರ್ 10ರಂದು, ಅದೂ ಲಿವರ್‌ಪೂಲ್ ಅಭಿಮಾನಿಗಳು ತುಂಬಿದ್ದ ಕೋರಮಂಗಲದ ಒಂದು ಪಬ್‌ನಲ್ಲಿ. ಲಿವರ್‌ಪೂಲ್ ತಂಡದ ಮೈದಾನ ಆನ್‌ಫೀಲ್ಡ್‌ನಲ್ಲಿ ಡರ್ಬಿ, ಅಂದರೆ ಒಂದೇ ಊರಿನ ಎರಡು ತಂಡಗಳ ಪಂದ್ಯ, ನಮಗೆ ಭಾನುವಾರ ರಾತ್ರಿ ಏಳು ಮುಕ್ಕಾಲು. ಲಿವರ್‌ಪೂಲ್‌ನ ಸಲಾ ಗೋಲು ಹೊಡೆದಾಗ ಟೇಬಲ್ಲುಗಳೇ ಹಾರಿದವು. ನಾನು ಜರ್ಕಿನ್ ಜಿಪ್ಪನ್ನು ಕತ್ತಿನ ತನಕ ಎಳೆದು ಜೆರ್ಸಿ ಮುಚ್ಚಿಕೊಂಡು ಕೂತಿದ್ದೆ. 77ನೇ ನಿಮಿಷಕ್ಕೆ ಪೆನಾಲ್ಟಿ ಸಿಕ್ಕಿತು, ಒದೆಯೋಕೆ ಬಂದವನು ರೂನಿ, ಆ ವರ್ಷ ತಾನೇ ವಾಪಸ್ ಬಂದಿದ್ದ. ಗೋಲ್! ಇಡೀ ಪಬ್ ಸ್ಮಶಾನದಂತೆ ಆಗಿದ್ದಾಗ ಮೂರು ಕಡೆಯಿಂದ ಮೂರು ಜನ ಕೂಗಿದ್ದು ಕೇಳಿಸಿತು. ಒಬ್ಬ ನಾನು, ಇನ್ನೊಬ್ಬ ಟಾಯ್ಲೆಟ್ ಬಾಗಿಲ ಹತ್ತಿರ ನಿಂತಿದ್ದವನು, ಮೂರನೆಯವರು ಬಾರ್ ಕೌಂಟರಿನಲ್ಲಿ ಕೂತಿದ್ದ ಐವತ್ತು ದಾಟಿದ ಬ್ಯಾಂಕ್ ಉದ್ಯೋಗಿ. ಪಂದ್ಯ 1-1 ಆಗಿ ಮುಗಿದ ಮೇಲೆ ಹೊರಗೆ ಬೀಡಾ ಅಂಗಡಿ ಮುಂದೆ ನಂಬರ್ ತಗೊಂಡೆವು. ವಾಟ್ಸಾಪ್ ಗ್ರೂಪ್ ಅಲ್ಲೇ ಆಯಿತು. ಈಗ ಅದರಲ್ಲಿ ನಲವತ್ತು ಚಿಲ್ಲರೆ ಜನ ಇದ್ದೀವಿ, ಕೂತು ನೋಡೋಕೆ ಬರುವವರು ಹತ್ತು ಹನ್ನೆರಡು.

ಆ ರಾತ್ರಿ ಬ್ಯಾಂಕ್ ಸಾರ್ ಹೇಳಿದ ಕಥೆಯನ್ನು ಈಗಲೂ ಹೊಸಬರಿಗೆ ಮೊದಲು ಹೇಳುತ್ತೇವೆ. ಆನ್‌ಫೀಲ್ಡ್ ಮೊದಲು ನಮ್ಮದೇ ಮೈದಾನ. 1892ರಲ್ಲಿ ಬಾಡಿಗೆ ವಿಷಯಕ್ಕೆ ಓನರ್ ಜೊತೆ ಜಗಳ ಆಯಿತು, ನಮ್ಮವರು ಗಂಟುಮೂಟೆ ಕಟ್ಟಿಕೊಂಡು ಹತ್ತಿರದಲ್ಲೇ ಗುಡಿಸನ್ ಪಾರ್ಕ್ ಕಟ್ಟಿಕೊಂಡರು. ಮೈದಾನ ಖಾಲಿ ಬಿತ್ತಲ್ಲ, ಓನರ್ ತನ್ನದೇ ತಂಡ ಶುರು ಮಾಡಿದ. ಅದೇ ಲಿವರ್‌ಪೂಲ್. ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗುಂಪು ಕಟ್ಟೋದು ಅಂದರೆ ಬ್ಯಾನರ್, ಹಾಡು, ಫೋಟೊ ಅಂದುಕೊಂಡಿದ್ದೆ. ಅಲ್ಲ. ಮೊದಲನೇ ಕೆಲಸ ಗಡಿಯಾರ. ಅಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಪಂದ್ಯ ಇದ್ದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಏಳೂವರೆ, ಅಕ್ಟೋಬರ್ ಕೊನೇ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಎಂಟೂವರೆ. ಮಾರ್ಚ್ ಕೊನೇ ಭಾನುವಾರ ಮತ್ತೆ ಏಳೂವರೆ. ಮೊದಲ ವರ್ಷ ಇದನ್ನು ಮರೆತು ಟೇಬಲ್ ಬುಕ್ ಮಾಡಿಸಿ, ಒಂದು ಗಂಟೆ ಖಾಲಿ ಪರದೆ ನೋಡುತ್ತಾ ಮಸಾಲೆ ಕಡಲೆಬೀಜ ತಿಂದಿದ್ದೇವೆ. ಮಜಾ ಏನಂದರೆ ಆ ಮೂರು ಗಂಟೆಯ ಪಂದ್ಯ ಇಂಗ್ಲೆಂಡಿನಲ್ಲಿ ಟಿವಿಯಲ್ಲಿ ಬರೋದೇ ಇಲ್ಲ. ಮೈದಾನಕ್ಕೆ ಬರುವ ಜನ ಕಮ್ಮಿ ಆಗಬಾರದು ಅಂತ ಶನಿವಾರ ಎರಡೂ ಮುಕ್ಕಾಲರಿಂದ ಐದೂಕಾಲರವರೆಗೆ ನೇರ ಪ್ರಸಾರ ಬಂದ್ ಮಾಡುವ ಹಳೇ ನಿಯಮ ಒಂದಿದೆ. ಲಿವರ್‌ಪೂಲ್ ನಗರದಲ್ಲಿ ಟಿಕೆಟ್ ಸಿಗದವನು ರೇಡಿಯೊ ಕೇಳುತ್ತಿರುತ್ತಾನೆ, ನಾವು ಇಲ್ಲಿ ಗೋಬಿ ಮಂಚೂರಿ ಮುಂದೆ ಇಟ್ಟುಕೊಂಡು ಸ್ಲೋ ಮೋಷನ್‌ನಲ್ಲಿ ನೋಡುತ್ತಿರುತ್ತೇವೆ.

ಎರಡನೇ ಕೆಲಸ ಪಬ್. ಮೊದಲು ಹೋಗುತ್ತಿದ್ದುದು ದೊಡ್ಡ ಜಾಗ, ಹತ್ತು ಪರದೆ. ತಲೆಗೆ 500 ರೂಪಾಯಿ ಬಿಲ್ ಗ್ಯಾರಂಟಿ ಅಂತ ಮ್ಯಾನೇಜರ್ ಹತ್ತಿರ ಮಾತಾಡಿಕೊಂಡಿದ್ದೆವು. ಒಂದು ಶನಿವಾರ 70ನೇ ನಿಮಿಷಕ್ಕೆ ನಮ್ಮ ಪರದೆ ಇದ್ದಕ್ಕಿದ್ದಂತೆ ಬೇರೆ ಪಂದ್ಯಕ್ಕೆ ತಿರುಗಿತು. ದೊಡ್ಡ ಕ್ಲಬ್ಬಿನವರು ಅರವತ್ತು ಜನ ಬಂದಿದ್ದಾರೆ ಸಾರ್, ನೀವು ಏಳು ಜನ ಅಂದರು. ತಪ್ಪು ಅನ್ನೋಕೂ ಆಗಲ್ಲ, ವ್ಯಾಪಾರ ಅದು. ಆದರೂ ದುಡ್ಡು ಕೊಟ್ಟು ಎದ್ದು ಬಂದೆವು, ಮತ್ತೆ ಆ ಕಡೆ ಹೋಗಲಿಲ್ಲ. ಆಮೇಲೆ ಒಂದು ಪಾಠ ಕಲಿತೆ: ಮ್ಯಾನೇಜರ್ ಯಾರು ಅನ್ನೋದು ಮುಖ್ಯ ಅಲ್ಲ, ರಿಮೋಟ್ ಯಾರ ಜೇಬಿನಲ್ಲಿದೆ ಅನ್ನೋದು ಮುಖ್ಯ. ಈಗ ಹೋಗುವ ಚಿಕ್ಕ ಜಾಗದಲ್ಲಿ ರಿಮೋಟ್ ಇರೋದು ಹಾಸನದ ಕಡೆಯ ಒಬ್ಬ ಹುಡುಗನ ಹತ್ತಿರ. ಟಿಪ್ಸ್ ಸರಿಯಾಗಿ ಕೊಟ್ಟೆವು, ಹೆಸರು ಹಿಡಿದು ಮಾತಾಡಿಸಿದೆವು, ಆಟ ಹೇಳಿಕೊಟ್ಟೆವು. ಈಗ ನಾವು ಒಳಗೆ ಬರುತ್ತಿದ್ದಂತೆ ‘ಅಣ್ಣಾ, ಪಿಕ್ಕಣ್ಣ ಇವತ್ತು ಆಡ್ತಾನಾ?’ ಅಂತ ಅವನೇ ಕೇಳುತ್ತಾನೆ. ಪಿಕ್ಕಣ್ಣ ಅಂದರೆ ನಮ್ಮ ಗೋಲ್‌ಕೀಪರ್ ಜೋರ್ಡನ್ ಪಿಕ್‌ಫರ್ಡ್. ಹೆಸರಿಟ್ಟವನು ಆ ಟಾಯ್ಲೆಟ್ ಬಾಗಿಲಿನವನು.

ವಾರದ ಮಧ್ಯದ ಪಂದ್ಯಗಳ ಕಥೆ ಬೇರೆ. ಅವು ನಮಗೆ ಶುರುವಾಗೋದೇ ರಾತ್ರಿ ಹನ್ನೆರಡರ ಮೇಲೆ, ಚಳಿಗಾಲದಲ್ಲಿ ಒಂದರ ಮೇಲೆ. ಪಬ್ ಒಂದಕ್ಕೆ ಬಾಗಿಲು ಹಾಕಬೇಕು. ಹಾಗಾಗಿ ಯಾರದ್ದಾದರೂ ಮನೆ. ಅಲ್ಲಿ ನಿಯಮ ಒಂದೇ, ಗೋಲಾದರೆ ಕೂಗುವ ಹಾಗಿಲ್ಲ. ಪಕ್ಕದ ರೂಮಿನಲ್ಲಿ ಮಗು ಮಲಗಿರುತ್ತೆ, ಕೆಳಗೆ ಓನರ್ ಇರುತ್ತಾರೆ. ಆರು ಜನ ಗಂಡಸರು ಬಾಯಿಗೆ ದಿಂಬು ಒತ್ತಿಕೊಂಡು ಕುಣಿಯೋದನ್ನು ನಮ್ಮ ಮನೆಯವಳು ಒಂದು ಸಲ ನೀರು ಕುಡಿಯೋಕೆ ಎದ್ದಾಗ ನೋಡಿ, ಏನೂ ಮಾತಾಡದೆ ವಾಪಸ್ ಹೋಗಿ ಮಲಗಿದಳು.

ಇಷ್ಟೆಲ್ಲ ಇದ್ದರೂ 2022ರ ಮೇ 19 ಬರುವ ತನಕ ನಮ್ಮದು ನಿಜವಾದ ಗುಂಪು ಆಗಿರಲಿಲ್ಲ ಅನ್ನಿಸುತ್ತೆ. ಅವತ್ತು ಕ್ರಿಸ್ಟಲ್ ಪ್ಯಾಲೇಸ್ ಜೊತೆ ಪಂದ್ಯ, ಗೆದ್ದರೆ ಇಂಗ್ಲೆಂಡಿನ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಉಳಿಯುತ್ತೇವೆ. 1954ರಿಂದ ಒಂದು ಸಲವೂ ಮೇಲಿನ ಲೀಗ್‌ನಿಂದ ಕೆಳಗಿಳಿಯದ ತಂಡ ಇದು, ನೆನಪಿರಲಿ. ಅದೇ ರಾತ್ರಿ ಆರ್‌ಸಿಬಿ ಪಂದ್ಯ ಬೇರೆ, ಗುಜರಾತ್ ಮೇಲೆ. ಪಬ್ ತುಂಬಾ ಕೆಂಪು. ಕೊಹ್ಲಿ 73 ಹೊಡೆದ, ಆರ್‌ಸಿಬಿ ಎಂಟು ವಿಕೆಟ್‌ನಿಂದ ಗೆದ್ದಿತು, ನಾವೂ ಕುಣಿದೆವು. ಜನ ಖಾಲಿಯಾದರು. ಹನ್ನೆರಡೂಕಾಲಿಗೆ ನಮ್ಮದು ಶುರು. ಹಾಫ್‌ಟೈಮ್‌ಗೆ 0-2. ಸರಿಯಾಗಿ ಆ ಹೊತ್ತಿಗೆ ಗಂಟೆ ಒಂದು, ಲೈಟು ಹಾಕಿದರು, ಕುರ್ಚಿ ಮೇಲೆ ಕುರ್ಚಿ ಪೇರಿಸೋಕೆ ಶುರು ಮಾಡಿದರು.

ಮನೆಗೆ ಹೋಗಿ ಮಲಗೋಣ ಅಂತ ನಾನೇ ಅಂದೆ. ಬ್ಯಾಂಕ್ ಸಾರ್ ಕೇಳಲಿಲ್ಲ. ಅವರ ಮನೆ ಈಜಿಪುರದ ಕಡೆ, ಒಂದು ಆಟೋ, ಎರಡು ಬೈಕ್. ಆಟೋದಲ್ಲಿ ನಾವು ನಾಲ್ಕು ಜನ ಒಂದು ಫೋನಿಗೆ ತಲೆ ತೂರಿಸಿಕೊಂಡಿದ್ದಾಗ ಕೀನ್ ಗೋಲು ಹೊಡೆದ, 1-2. ನಮ್ಮ ಕೂಗಿಗೆ ಆಟೋದವರು ಬೆಚ್ಚಿ ಬ್ರೇಕ್ ಹಾಕಿದರು. ‘ಆರ್‌ಸಿಬಿ ಗೆದ್ದಾಯ್ತಲ್ಲ ಸಾರ್, ಇನ್ನೇನ್ ನೋಡ್ತಾ ಇದೀರಾ?’ ಮನೆ ತಲುಪಿ ಟಿವಿ ಹಾಕಿದೆವು. 75ನೇ ನಿಮಿಷ ರಿಚಾರ್ಲಿಸನ್, 2-2. 85ನೇ ನಿಮಿಷ ಫ್ರೀಕಿಕ್, ಕ್ಯಾಲ್ವರ್ಟ್-ಲೆವಿನ್ ನೆಲಕ್ಕೆ ಬೀಳುತ್ತಾ ತಲೆಯಿಂದ ತಳ್ಳಿದ, 3-2. ರಾತ್ರಿ ಎರಡು ಗಂಟೆ. ದಿಂಬಿನ ನಿಯಮ ಯಾರಿಗೂ ನೆನಪಾಗಲಿಲ್ಲ. ಎದುರು ಮನೆ ಲೈಟು ಹತ್ತಿತು, ನಾಯಿಗಳು ಶುರು ಮಾಡಿದವು, ಸಾರ್ ಮಾತ್ರ ಸೋಫಾದಲ್ಲಿ ಕೂತು ಕನ್ನಡಕ ತೆಗೆದು ಲುಂಗಿ ಅಂಚಿನಲ್ಲಿ ಒರೆಸುತ್ತಲೇ ಇದ್ದರು.

ಮರುವರ್ಷ ಮತ್ತೆ ಅದೇ ಗೋಳು. 2023ರ ಮೇ 28, ಕೊನೇ ದಿನ, ಬೋರ್ನ್‌ಮತ್ ಮೇಲೆ ಗೆಲ್ಲಲೇಬೇಕು. ಅವತ್ತೇ ಐಪಿಎಲ್ ಫೈನಲ್! ದೊಡ್ಡ ಪರದೆಯೆಲ್ಲ ಕ್ರಿಕೆಟ್‌ಗೆ, ನಮಗೆ ಅಡುಗೆಮನೆ ಬಾಗಿಲ ಪಕ್ಕದ ಪುಟ್ಟ ಟಿವಿ. ಆದರೆ ಅಹಮದಾಬಾದ್‌ನಲ್ಲಿ ಮಳೆ ಬಂತು ನೋಡಿ, ಟಾಸೇ ಆಗಲಿಲ್ಲ. ಒದ್ದೆ ಕವರು ಹೊದ್ದ ಪಿಚ್ಚನ್ನು ಎಷ್ಟು ಹೊತ್ತು ತೋರಿಸುತ್ತಾರೆ? ಸುಮಾರು ಹತ್ತು ಗಂಟೆಗೆ ಹಾಸನದ ಹುಡುಗ ನಮ್ಮ ಕಡೆ ನೋಡಿ, ಮ್ಯಾನೇಜರ್ ಕಡೆ ನೋಡಿ, ಸುಮ್ನೆ ರಿಮೋಟ್ ಒತ್ತಿದ. ದೊಡ್ಡ ಪರದೆಯಲ್ಲಿ ಗುಡಿಸನ್! ಡುಕುರೆ 57ನೇ ನಿಮಿಷಕ್ಕೆ ದೂರದಿಂದ ಬಾರಿಸಿದ ಗೋಲು ನೋಡಿ ಸಿಎಸ್‌ಕೆ ಹಳದಿ ಜೆರ್ಸಿಯವರೂ ಎದ್ದು ನಿಂತರು. ಆಮೇಲೆ ರೆಫರಿ ಕೊಟ್ಟ ಹೆಚ್ಚುವರಿ ಸಮಯ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ನನಗೆ ಹತ್ತು ವರ್ಷ ವಯಸ್ಸಾಯಿತು.

ಗೆಲ್ಲುವ ತಂಡಗಳ ಗುಂಪು ದೊಡ್ಡದಾಗಿರುತ್ತೆ ನಿಜ. ಆದರೆ ಸೋಲು ಹೆಚ್ಚಿದಾಗ ಅವರ ಟೇಬಲ್ ಖಾಲಿ ಆಗೋದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮಲ್ಲಿ ಉಲ್ಟಾ. 2023ರ ನವೆಂಬರ್‌ನಲ್ಲಿ ಹಣಕಾಸಿನ ನಿಯಮ ಮುರಿದಿದ್ದಕ್ಕೆ ನಮ್ಮ ಕ್ಲಬ್ಬಿಗೆ ಹತ್ತು ಪಾಯಿಂಟ್ ಕತ್ತರಿಸಿದರು, ಅಪೀಲಿನಲ್ಲಿ ಆರಕ್ಕಿಳಿಯಿತು, ಆಮೇಲೆ ಇನ್ನೊಂದು ಕೇಸಿನಲ್ಲಿ ಮತ್ತೆ ಎರಡು ಹೋಯಿತು. ಕತ್ತರಿಸಿದ ಮುಂದಿನ ವಾರದ ಪಂದ್ಯಕ್ಕೆ ಎಂದೂ ಬಾರದವರೆಲ್ಲ ಬಂದು ಕುರ್ಚಿ ಸಾಲಲಿಲ್ಲ. 0-3 ಸೋತೆವು, ಅದು ಬಿಡಿ.

2024ರ ನವೆಂಬರ್‌ನಲ್ಲಿ ಆಫೀಸು ನನ್ನನ್ನು ಎರಡು ವಾರ ಮ್ಯಾಂಚೆಸ್ಟರ್‌ಗೆ ಕಳಿಸಿತು. ತಂಡ ಹೊಸ ಸ್ಟೇಡಿಯಂಗೆ ಹೋಗುವ ಮೊದಲು ಗುಡಿಸನ್‌ನ ಕೊನೇ ಸೀಸನ್. ಕ್ಲಬ್ ಮೆಂಬರ್‌ಶಿಪ್ ಮೊದಲೇ ಮಾಡಿಸಿದ್ದೆ, ಟಿಕೆಟ್ ಬಿಟ್ಟ ದಿನ ಲ್ಯಾಪ್‌ಟಾಪ್ ಮುಂದೆ ಕೂತು ಒಂದು ಹೊಡೆದುಕೊಂಡೆ. 23ನೇ ತಾರೀಕು, ಶನಿವಾರ, ಬ್ರೆಂಟ್‌ಫರ್ಡ್ ಜೊತೆ. ಅವತ್ತೇ ಅಲ್ಲಿ ಬರ್ಟ್ ಅನ್ನೋ ಬಿರುಗಾಳಿ. ಕರ್ಕ್‌ಡೇಲ್ ಸ್ಟೇಷನ್‌ನಲ್ಲಿ ಇಳಿದು ನೀಲಿ ಸ್ಕಾರ್ಫ್‌ಗಳ ಹಿಂದೆ ನಡೆದೆ. ಸಾಲುಮನೆಗಳ ಮಧ್ಯೆ ಸ್ಟೇಡಿಯಂ, ಅದರ ಮೂಲೆಗೆ ಅಂಟಿಕೊಂಡೇ ಒಂದು ಚರ್ಚು. ಚರ್ಚಿನ ಹಾಲ್‌ನಲ್ಲಿ ಟೀ ಮಾರುತ್ತಿದ್ದ ಅಜ್ಜಿ ಎಲ್ಲಿಂದ ಬಂದೆ ಅಂತ ಕೇಳಿದರು. ಬೆಂಗಳೂರು ಅಂದೆ. ಪಕ್ಕದವರಿಗೆ ಹೇಳಿದರು, ಅವರು ಇನ್ನೊಬ್ಬರಿಗೆ ಹೇಳಿದರು, ಟೀಗೆ ದುಡ್ಡು ತಗೊಳ್ಳಲಿಲ್ಲ.

ನನ್ನ ಸೀಟು ಕಂಬದ ಹಿಂದೆ. ಹಳೇ ಸ್ಟೇಡಿಯಂ ಅಲ್ವಾ, ಕಂಬ ಜಾಸ್ತಿ. ತಂಡ ಒಳಗೆ ಬರುವಾಗ ಆ ಸೈರನ್, ಆಮೇಲೆ ‘ಝಡ್ ಕಾರ್ಸ್’ ಅನ್ನೋ ಹಳೇ ಟಿವಿ ಧಾರಾವಾಹಿಯ ಡ್ರಮ್ಮು, ಕೊಳಲು. ಟಿವಿಯಲ್ಲಿ ನೂರು ಸಲ ಕೇಳಿದ್ದರೂ ಕಾಲಡಿಯ ಮರದ ಹಲಗೆ ನಡುಗೋದು ಟಿವಿಯಲ್ಲಿ ಬರಲ್ಲ. 41ನೇ ನಿಮಿಷಕ್ಕೆ ಬ್ರೆಂಟ್‌ಫರ್ಡ್‌ನವನೊಬ್ಬನಿಗೆ ರೆಡ್ ಕಾರ್ಡ್. ಯಾಕೆ ಅಂತ ನನಗೆ ಕಾಣಿಸಲಿಲ್ಲ, ಕಂಬ. ಹಾಫ್‌ಟೈಮ್‌ನಲ್ಲಿ ಫೋನ್ ತೆಗೆದರೆ ಬೆಂಗಳೂರಿಂದ ಇಪ್ಪತ್ತು ಮೆಸೇಜು, ಪಿಕ್ಕಣ್ಣನ ಮಂಡಿಗೆ ಬೂಟು ಕೊಟ್ಟ, ವಿಎಆರ್ (ವಿಡಿಯೊ ರಿಪ್ಲೇ) ನೋಡಿ ಕೊಟ್ಟರು, ಸರಿಯಾಗೇ ಇದೆ ಅಂತ. ಮೈದಾನದಲ್ಲಿ ಕೂತ ನನಗೆ ಕೋರಮಂಗಲದವರು ಆಟ ವಿವರಿಸುತ್ತಿದ್ದರು! ಮಿಕ್ಕ ಅರ್ಧ ಪೂರ್ತಿ ಹತ್ತು ಜನರ ಎದುರು ಆಡಿಯೂ 0-0. ನೆನೆದು ತೊಪ್ಪೆಯಾಗಿ ರೈಲು ಹತ್ತಿದೆ. ಜೇಬಿನಲ್ಲಿ ಎರಡು ಪ್ಯಾಕೆಟ್ ಎವರ್ಟನ್ ಮಿಂಟ್, ಕಪ್ಪು ಬಿಳಿ ಪಟ್ಟೆಯ ಮಿಠಾಯಿ. ತಂಡಕ್ಕೆ ಟಾಫೀಸ್ ಅಂತ ಅಡ್ಡಹೆಸರು, ಪಂದ್ಯಕ್ಕೆ ಮೊದಲು ಟಾಫಿ ಲೇಡಿ ಒಬ್ಬರು ಮೈದಾನದ ಸುತ್ತ ಈ ಮಿಠಾಯಿಯನ್ನು ಜನರ ಕಡೆ ಎಸೆಯುತ್ತಾ ಬರುತ್ತಾರೆ.

ಆ ಪ್ಯಾಕೆಟ್ಟುಗಳನ್ನು ಯಾರಿಗೂ ಕೊಡದೆ ಎತ್ತಿಟ್ಟಿದ್ದೆ. 2025ರ ಮೇ 18, ಗುಡಿಸನ್‌ನಲ್ಲಿ ಪುರುಷರ ತಂಡದ ಕೊನೇ ಪಂದ್ಯ, ಸೌತಾಂಪ್ಟನ್ ಜೊತೆ, ನಮಗೆ ಸಂಜೆ ನಾಲ್ಕೂವರೆ. ಹಿಂದಿನ ರಾತ್ರಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಪಂದ್ಯ ಮಳೆಗೆ ಕೊಚ್ಚಿಹೋಗಿತ್ತು. ಎಲ್ಲರೂ ಸಂಸಾರ ಸಮೇತ ಬ್ಯಾಂಕ್ ಸಾರ್ ಮನೆಯಲ್ಲಿ ಸೇರಿದೆವು, ಚಿತ್ರಾನ್ನ, ಬೋಂಡ, ಕಾಫಿ. ಸಾರ್ ಅವರ ಅಮ್ಮ ಟಿವಿ ನೋಡಿ, ‘ಯಾಕ್ರೋ ಎಲ್ಲ ಅಳ್ತಾ ಇದಾರೆ, ಸೋತರಾ?’ ಅಂದರು. ಇಲ್ಲಮ್ಮ, ಗೆಲ್ತಾ ಇದೀವಿ, ಮನೆ ಖಾಲಿ ಮಾಡ್ತಾ ಇದಾರೆ ಅಂದೆವು. ‘ಕೆಡವ್ತಾರಾ?’ ಇಲ್ಲ, ಹೆಣ್ಣುಮಕ್ಕಳ ತಂಡಕ್ಕೆ ಬಿಟ್ಟುಕೊಡ್ತಾರೆ ಅಂದಾಗ ‘ಮತ್ತಿನ್ನೇನು’ ಅಂತ ಬೋಂಡ ತಟ್ಟೆ ಮುಂದೆ ತಳ್ಳಿದರು.

ಎನ್‌ಡಿಯಾಯ್ ಎರಡು ಗೋಲು ಹೊಡೆದ, 2-0. ವಿಸಿಲ್ ಊದಿದಾಗ ನನ್ನ ಮಗಳ ಕೈಗೆ ಪ್ಯಾಕೆಟ್ ಕೊಟ್ಟು ಎಸಿ ಪುಟ್ಟಿ ಅಂದೆ. ಆರು ತಿಂಗಳಲ್ಲಿ, ಅದರಲ್ಲೂ ಬೆಂಗಳೂರಿನ ಬೇಸಿಗೆಗೆ, ಎಲ್ಲ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದವು. ಅವಳು ಮುದ್ದೆಯನ್ನೇ ಎಸೆದಳು. ಬ್ಯಾಂಕ್ ಸಾರ್ ಅದನ್ನು ಕ್ಯಾಚ್ ಹಿಡಿದು ಅಡುಗೆಮನೆಗೆ ಹೋದರು. ಕುಟ್ಟಾಣಿಯಲ್ಲಿ ಕುಟ್ಟಿ, ಒಂದು ಪ್ಲೇಟಿಗೆ ಹಾಕಿಕೊಂಡು ಬಂದು ಎಲ್ಲರಿಗೂ ಪ್ರಸಾದದ ಥರ ಒಂದೊಂದು ಚೂರು ಕೊಟ್ಟರು.