ಮಿಕ್ಸಿ ರಿಪೇರಿ ಅಂತ ಕೇಳಿದರೆ ಈಗ ನಮ್ಮ ಅಂಗಡಿ ಬರುತ್ತೆ

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದಲ್ಲಿ ನಮ್ಮ ರಿಪೇರಿ ಅಂಗಡಿ. ಕ್ಯಾತಸಂದ್ರದ ಅಜ್ಜಿಯೊಬ್ಬರು ನಮ್ಮ ಬಾಗಿಲಲ್ಲೇ ನಿಂತು ಫೋನಿಗೆ, "ಹತ್ತಿರ ಮಿಕ್ಸಿ ರಿಪೇರಿ ಎಲ್ಲಿ ಮಾಡ್ತಾರೆ?" ಎಂದರು. ಬೇರೆ ಮೂರು ಅಂಗಡಿ ಬಂದವು, ನಮ್ಮದಿಲ್ಲ. ತುಂಬಾ ಬೇಜಾರಾಯ್ತು.

ರಾತ್ರಿ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್‌ನಲ್ಲೂ ಮ್ಯಾಪಿನಲ್ಲೂ ನಮ್ಮ ಅಂಗಡಿಯ ವಿವರ ತೋರಿಸುವ ಪುಟ, ತೆರೆದೆ. ವರ್ಗ 'ಎಲೆಕ್ಟ್ರಾನಿಕ್ಸ್ ಅಂಗಡಿ' ಎಂದಿತ್ತು. ಅಂಗಡಿ ತೆರೆಯುವ ಸಮಯದ ಜಾಗ ಖಾಲಿ. ಮ್ಯಾಪಿನ ಗುರುತು ಹಿಂದಿನ ರಸ್ತೆಯಲ್ಲಿ! ವರ್ಗವನ್ನು ರಿಪೇರಿಗೆ ಬದಲಿಸಿದೆ, ಗುರುತನ್ನು ಬಾಗಿಲಿಗೇ ಎಳೆದು ತಂದೆ, ಭಾನುವಾರದ ರಜೆಯನ್ನೂ ಹಾಕಿದೆ. ಸೇವೆಗಳ ಜಾಗದಲ್ಲಿ ಜನ ಆಡುವ ಮಾತನ್ನೇ ಬರೆದೆ: ಮಿಕ್ಸಿ ಜಾರ್ ಬ್ಲೇಡ್, ಗ್ರೈಂಡರ್ ಬೆಲ್ಟ್. ಫೋನಿಗೆ ಕೇಳುವುದೂ ಹಾಗೇ ಅಲ್ವಾ? ಅಂಗಡಿ ಹೆಸರಿಗೆ ಮಾತ್ರ ಸುಮ್ನೆ ಪದ ತುರುಕಲಿಲ್ಲ. ಬೋರ್ಡಿನ ಹೆಸರೇ ಇರಬೇಕು ಅನ್ನೋದು ಗೂಗಲ್ ನಿಯಮ.

ಮೊದಲ ವಾರ ಏನೂ ಬದಲಾಗಲಿಲ್ಲ. ಮೂರನೇ ವಾರ ಅದೇ ಬಾಗಿಲಲ್ಲಿ ನಿಂತು ಅದೇ ಪ್ರಶ್ನೆ ಕೇಳಿದೆ. ಎರಡನೇ ಹೆಸರು ನಮ್ಮದು.